ಟಿಪ್ಪು, ಉರಿಗೌಡ, ಕನ್ನಂಬಾಡಿ ಕಟ್ಟೆ: ಇತಿಹಾಸದ ಜಗಳಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಹತ್ತಿರ ಬಂದರೆ ಟಿಪ್ಪು ಸುಲ್ತಾನ್ ಸುದ್ದಿಗೆ ಬರುತ್ತಾನೆ. ಚುನಾವಣೆ ಹತ್ತಿರ ಬಂದರೂ ಬರುತ್ತಾನೆ. ಟಿವಿಯಲ್ಲಿ ಕೂಗಾಟ, ಫೇಸ್‌ಬುಕ್‌ನಲ್ಲಿ ಬೈದಾಟ, ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದಷ್ಟು ಫಾರ್ವರ್ಡ್. ಎರಡೂ ಕಡೆಯವರು ಇನ್ನೊಬ್ಬರಿಗೆ 'ಇತಿಹಾಸ ತಿರುಚಬೇಡಿ' ಅನ್ನುತ್ತಾರೆ. ನನ್ನ ಹತ್ತಿರ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು, ನನಗೆ ಸರಿ ಅನ್ನಿಸಿದ ಉತ್ತರಗಳ ಜೊತೆ ಇಲ್ಲಿ ಹಾಕಿದ್ದೇನೆ. ಎಲ್ಲ ಉತ್ತರವೂ ಎಲ್ಲರಿಗೂ ಇಷ್ಟವಾಗಲಿಕ್ಕಿಲ್ಲ.

ಇತಿಹಾಸವನ್ನು ಮತ್ತೆ ಬರೆಯುವುದೇ ತಪ್ಪಾ?

ಖಂಡಿತ ಅಲ್ಲ. ಮತ್ತೆ ಬರೆಯದಿದ್ದರೆ ಗೆದ್ದವರು ಬರೆದಿಟ್ಟದ್ದೇ ಕೊನೆಯ ಮಾತಾಗಿ ಉಳಿದುಬಿಡುತ್ತದೆ.

ಸುಳ್ಯ, ಪುತ್ತೂರು ಕಡೆಯವರಿಗೆ 1837ರ ದಂಗೆ ಗೊತ್ತಿರುತ್ತದೆ. 1834ರಲ್ಲಿ ಬ್ರಿಟಿಷರು ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದರು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಗದಾಗಿ ಕಟ್ಟಿ ಅಂದರು. ಕೈಯಲ್ಲಿ ದುಡ್ಡಿಲ್ಲದ ರೈತರು ತಿರುಗಿ ಬಿದ್ದರು, ದಾರಿಯುದ್ದಕ್ಕೂ ಜನ ಸೇರಿಕೊಳ್ಳುತ್ತಾ ಹೋಗಿ ಮಂಗಳೂರನ್ನೇ ಹಿಡಿದು ಕೆಲವು ದಿನ ತಮ್ಮ ಕೈಯಲ್ಲಿ ಇಟ್ಟುಕೊಂಡರು. ಆಮೇಲೆ ಬ್ರಿಟಿಷ್ ಪಡೆ ಬಂತು, ಮುಂದಾಳುಗಳನ್ನು ಗಲ್ಲಿಗೆ ಹಾಕಿದರು. ಬಹಳ ಕಾಲ ಇದೆಲ್ಲ 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರಿನಲ್ಲಿ, ಬರೀ ಲೂಟಿಕೋರರ ಗಲಾಟೆ ಎಂಬಂತೆ ಉಳಿದಿತ್ತು. ಸ್ಥಳೀಯ ಸಂಶೋಧಕರು ಸರ್ಕಾರಿ ಕಡತ, ಮನೆತನಗಳ ನೆನಪು ಎಲ್ಲವನ್ನೂ ಎದುರುಬದುರು ಇಟ್ಟು ನೋಡಿ ಇದು ರೈತರ ಬಂಡಾಯ ಎಂದು ತೋರಿಸಿದರು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಇದೂ ಇತಿಹಾಸದ ಮರುಬರವಣಿಗೆಯೇ. ಒಳ್ಳೆಯ ಮರುಬರವಣಿಗೆ.

ಹಾಗಾದರೆ ತಿರುಚುವುದು ಅಂದರೆ ಏನು? ಗೆರೆ ಎಲ್ಲಿ ಎಳೀತೀರಿ?

ನಾನು ನೋಡುವುದು ಒಂದೇ. ಮೊದಲು ಬಂದದ್ದು ಯಾವುದು, ದಾಖಲೆಯೋ ತೀರ್ಮಾನವೋ?

ಶೃಂಗೇರಿಯ ಪತ್ರಗಳ ಕಥೆ ನೋಡಿ. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ ಅವರಿಗೆ ಮಠದಲ್ಲಿ ಟಿಪ್ಪು ಬರೆಸಿದ ಕನ್ನಡ ಪತ್ರಗಳು ಸಿಕ್ಕವು. ಅವರು ಟಿಪ್ಪುವನ್ನು ಹೊಗಳಬೇಕು ಎಂದು ಹುಡುಕಿಕೊಂಡು ಹೋದವರಲ್ಲ. ಸಿಕ್ಕಿತು, ಓದಿದರು, ಪ್ರಕಟಿಸಿದರು. ಅಲ್ಲಿಯವರೆಗೆ ಬರೀ ಮತಾಂಧ ಎಂದು ಓದುತ್ತಿದ್ದ ಮನುಷ್ಯನ ಇನ್ನೊಂದು ಮುಖ ಕಂಡಿತು, ಬರೆದದ್ದನ್ನು ಬದಲಾಯಿಸಬೇಕಾಯಿತು.

ಮೊದಲೇ ತೀರ್ಮಾನ ಮಾಡಿಕೊಂಡು ಆಮೇಲೆ ಅದಕ್ಕೆ ತಕ್ಕ ಸಾಲುಗಳನ್ನು ಹೆಕ್ಕುವುದು, ತಕ್ಕದ್ದು ಸಿಗದಿದ್ದರೆ ಸೃಷ್ಟಿಸುವುದು, ಹೊಂದದ್ದನ್ನು ಮುಚ್ಚಿಡುವುದು, ಇದು ತಿರುಚುವುದು. ಯಾವ ಪಕ್ಷದವರು ಮಾಡಿದರೂ ಅಷ್ಟೇ.

ಟಿಪ್ಪುವನ್ನು ಕೊಂದದ್ದು ಉರಿಗೌಡ, ನಂಜೇಗೌಡ ಅಂತಾರಲ್ಲ, ನಿಜಾನಾ?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು, ಯಾಕೆಂದರೆ ಒಂದು ಹೊಸ 'ಇತಿಹಾಸ' ಹೇಗೆ ತಯಾರಾಗುತ್ತದೆ ಎನ್ನುವುದಕ್ಕೆ ನಮ್ಮ ಕಣ್ಣೆದುರಿಗೇ ನಡೆದ ಉದಾಹರಣೆ ಇದು.

ಮೊದಲು ಗೊತ್ತಿರುವುದನ್ನು ಹೇಳುತ್ತೇನೆ. 1799ರ ಮೇ 4ರಂದು ಜನರಲ್ ಹ್ಯಾರಿಸ್‌ನ ಪಡೆ ಶ್ರೀರಂಗಪಟ್ಟಣದ ಕೋಟೆಯನ್ನು ಒಡೆದು ಒಳಗೆ ನುಗ್ಗಿತು. ದಾಳಿಯ ಮುಂದಾಳು ಡೇವಿಡ್ ಬೇರ್ಡ್. ಟಿಪ್ಪು ಕೋಟೆಯ ನೀರಬಾಗಿಲಿನ ಹತ್ತಿರ ಹೋರಾಡುತ್ತಾ ಬಿದ್ದ. ರಾತ್ರಿ ದೀವಟಿಗೆ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿ ದೇಹವನ್ನು ಗುರುತಿಸಿದರು. ಮರುದಿನ ಗುಂಬಜ್‌ನಲ್ಲಿ ತಂದೆ ಹೈದರಾಲಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಕೊನೆಯ ಗಳಿಗೆಯಲ್ಲಿ ಜೊತೆಯಲ್ಲಿದ್ದ ಸೇವಕ ರಾಜಾಖಾನ್ ಗಾಯಗೊಂಡು ಬದುಕಿದ್ದ. ಅವನು ಹೇಳಿದ ಪ್ರಕಾರ, ಒಬ್ಬ ಸೈನಿಕ ಟಿಪ್ಪುವಿನ ಸೊಂಟದ ಬೆಲೆಬಾಳುವ ಪಟ್ಟಿಗೆ ಕೈ ಹಾಕಿದ, ಟಿಪ್ಪು ಕತ್ತಿ ಬೀಸಿದ, ಆ ಸೈನಿಕ ಗುಂಡು ಹೊಡೆದ. ಯುದ್ಧದಲ್ಲಿದ್ದ ಅಲೆಕ್ಸಾಂಡರ್ ಬೀಟ್ಸನ್ ಮರುವರ್ಷವೇ, ಅಂದರೆ 1800ರಲ್ಲೇ, ಈ ಯುದ್ಧದ ಬಗ್ಗೆ ಪುಸ್ತಕ ಪ್ರಕಟಿಸಿದ.

ಆ ಸೈನಿಕ ಯಾರು? ಹೆಸರು ಗೊತ್ತಾಗಲೇ ಇಲ್ಲ. ಈ ಖಾಲಿ ಜಾಗವೇ ಮುಂದಿನ ಕಥೆಗೆ ಬಾಗಿಲು ತೆರೆಯಿತು.

2022ರ ಕೊನೆಯಲ್ಲಿ, ಮೈಸೂರು ರಂಗಾಯಣದ ಆಗಿನ ನಿರ್ದೇಶಕ ಅಡ್ಡಂಡ ಕಾರ್ಯಪ್ಪ ಬರೆದ ನಾಟಕದಲ್ಲಿ ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಎಂದು ಬಂತು. ಕೆಲವೇ ತಿಂಗಳಲ್ಲಿ ಅದು ನಾಟಕದಿಂದ ಭಾಷಣಕ್ಕೆ ಬಂತು, ಭಾಷಣದಿಂದ ಟಿವಿಗೆ ಬಂತು. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ಹೆದ್ದಾರಿಯ ಉದ್ಘಾಟನೆಗೆ ಪ್ರಧಾನಿ ಬಂದಾಗ ಮಂಡ್ಯದಲ್ಲಿ ಆ ಇಬ್ಬರ ಹೆಸರಿನ ಸ್ವಾಗತ ಕಮಾನೇ ಎದ್ದಿತು, ವಿರೋಧ ಬಂದ ಮೇಲೆ ಹೆಸರು ಬದಲಾಯಿತು. ಆಗ ಸಚಿವರಾಗಿದ್ದ ನಿರ್ಮಾಪಕ ಮುನಿರತ್ನ ಇದೇ ಹೆಸರಿನ ಸಿನಿಮಾ ಮಾಡುತ್ತೇನೆ ಎಂದರು. ಮೇ 10ಕ್ಕೆ ವಿಧಾನಸಭೆ ಚುನಾವಣೆ ಇತ್ತು ಎನ್ನುವುದನ್ನು ಮರೆಯಬೇಡಿ.

ಇದನ್ನು ನಿಲ್ಲಿಸಿದ್ದು ಯಾವುದೋ ಪಕ್ಷ ಅಲ್ಲ. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಮುನಿರತ್ನ ಅವರನ್ನು ಕರೆಸಿ ಮಾತಾಡಿದರು. ಸರಿಯಾದ ಆಧಾರ ಸಿಗುವವರೆಗೆ ಈ ವಿಷಯದಲ್ಲಿ ಹೇಳಿಕೆ ಕೊಟ್ಟು ಗೊಂದಲ ಮಾಡಬೇಡಿ ಎಂದರು. ಸಿನಿಮಾ ನಿಂತಿತು. ಆ ಮಾತಿನ ತೂಕ ಗಮನಿಸಿ. ಈ ಕಥೆ ಯಾವ ಸಮುದಾಯಕ್ಕೆ ಹೆಮ್ಮೆ ತರುತ್ತದೆ ಎಂದು ಹೇಳಲಾಗುತ್ತಿತ್ತೋ, ಅದೇ ಸಮುದಾಯದ ಮಠದಿಂದ ಅದು ಬಂತು. ನನಗೆ ಆ ನಡೆಯ ಬಗ್ಗೆ ತುಂಬಾ ಗೌರವ ಇದೆ.

ಆದರೆ ಪುಸ್ತಕದಲ್ಲಿ ಆ ಹೆಸರುಗಳು ಇವೆಯಂತಲ್ಲ? ಲಾವಣಿಗಳೂ ಇವೆಯಂತೆ?

ಮಂಡ್ಯದ ಬಗ್ಗೆ 1990ರ ದಶಕದಲ್ಲಿ ಬಂದ ಒಂದು ಗ್ರಂಥವನ್ನು ಸಮರ್ಥಕರು ತೋರಿಸಿದರು. ಸರಿ. ಆದರೆ 1799ರ ಘಟನೆಗೆ ಸುಮಾರು 200 ವರ್ಷಗಳ ನಂತರ ಬಂದ ಪುಸ್ತಕದ ಸಾಲು ಮೂಲ ಆಗುವುದಿಲ್ಲ. ಆ ಲೇಖಕರಿಗೆ ಅದು ಎಲ್ಲಿಂದ ಸಿಕ್ಕಿತು ಎಂದು ಕೇಳಬೇಕು. ಇನ್ನು, ಟಿಪ್ಪುವನ್ನು ವಿರೋಧಿಸಿದ ಇಬ್ಬರು ಇದ್ದರು ಅನ್ನುವುದು ಒಂದು ಮಾತು, ಅವರೇ ಟಿಪ್ಪುವನ್ನು ಕೊಂದರು ಅನ್ನುವುದು ಬೇರೆಯೇ ಮಾತು. ಟಿವಿಯಲ್ಲಿ ಇವೆರಡನ್ನೂ ಒಂದೇ ಮಾಡಿಬಿಟ್ಟರು.

ಲಾವಣಿ ಇದ್ದರೆ ಖಂಡಿತ ಕೇಳೋಣ. ಯಾರು ಹಾಡಿದರು, ಯಾವ ಊರಲ್ಲಿ, ಯಾವಾಗ ಬರೆದುಕೊಂಡರು, ಯಾವ ಸಾಲಿನಲ್ಲಿ ಹೆಸರು ಬರುತ್ತದೆ, ಇದೆಲ್ಲ ಮುಂದಿಡಬೇಕು.

ದಾಖಲೆ ಇಲ್ಲ ಅಂದ ಮಾತ್ರಕ್ಕೆ ನಡೆದೇ ಇಲ್ಲ ಅನ್ನಬಹುದಾ? ಬಡವರ, ರೈತರ ಇತಿಹಾಸಕ್ಕೆ ದಾಖಲೆ ಎಲ್ಲಿರುತ್ತೆ?

ಈ ಪ್ರಶ್ನೆ ನ್ಯಾಯವಾದದ್ದು. ಅರಮನೆಗೆ ದಾಖಲೆ ಇರುತ್ತದೆ, ಹೊಲಕ್ಕೆ ಇರುವುದಿಲ್ಲ. ಆದರೆ ಇಲ್ಲಿ ಒಂದು ವಿಷಯ ಯೋಚಿಸಿ. ಟಿಪ್ಪುವನ್ನು ಕೊಂದವನು ತನ್ನ ಕಡೆಯವನು ಎಂದು ಗೊತ್ತಿದ್ದರೆ ಬ್ರಿಟಿಷರು ಮುಚ್ಚಿಡಲು ಕಾರಣವೇ ಇರಲಿಲ್ಲ. ಮೈಸೂರಿನ ಜನರೇ ಸುಲ್ತಾನನನ್ನು ಕೊಂದರು ಎಂದಾಗಿದ್ದರೆ ಅವರಿಗೆ ಇನ್ನೂ ಖುಷಿ. ಒಡೆಯರನ್ನು ಮತ್ತೆ ಪಟ್ಟಕ್ಕೆ ತಂದು, ನಾವು ಬಂದದ್ದು ನಿಮ್ಮನ್ನು ಬಿಡಿಸಲು ಎಂದು ಹೇಳಿಕೊಂಡವರು ಅವರು. ಅಂಥ ಕಥೆಯನ್ನು ಅವರು ಊರೆಲ್ಲ ಸಾರುತ್ತಿದ್ದರು.

ಮೈಸೂರಿನವರೇ ಆಗಿ ಟಿಪ್ಪುವನ್ನು ವಿರೋಧಿಸಿದವರು ಬೇಕು ಅಂದರೆ ಕಾಲ್ಪನಿಕ ಹೆಸರು ಬೇಕಾಗಿಯೇ ಇಲ್ಲ! ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಲಕ್ಷ್ಮಮ್ಮಣ್ಣಿ ದಶಕಗಳ ಕಾಲ ಪಟ್ಟವನ್ನು ಮರಳಿ ಪಡೆಯಲು ಹೆಣಗಿದರು. ಅವರ ಪರವಾಗಿ ಪ್ರಧಾನ್ ತಿರುಮಲರಾಯರು 1782ರಲ್ಲಿ ಇಂಗ್ಲಿಷರ ಜೊತೆ ಒಪ್ಪಂದವನ್ನೇ ಮಾಡಿಕೊಂಡರು. ಕಾವಲಿನಲ್ಲಿದ್ದ ಒಬ್ಬ ವಿಧವೆ ರಾಣಿ ಹೈದರ್ ಮತ್ತು ಟಿಪ್ಪು ಇಬ್ಬರ ಕಣ್ಣು ತಪ್ಪಿಸಿ ಮದ್ರಾಸಿನ ತನಕ ಸಂಪರ್ಕ ಇಟ್ಟುಕೊಂಡಳು. ಕಾಗದ ಇದೆ, ತಾರೀಖು ಇದೆ. ಅವಳ ಮೇಲೆ ಎಷ್ಟು ಟಿವಿ ಚರ್ಚೆ ಆಗಿದೆ? ಟಿಪ್ಪು ವಿರೋಧಿಗಳಿಗೂ ಅವಳ ನೆನಪಾಗಲಿಲ್ಲ, ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಬ್ರಿಟಿಷರು ಬರೆದದ್ದನ್ನು ನಂಬೋದು ಹೇಗೆ? ಅವರು ಶತ್ರುಗಳಲ್ವಾ?

ಕಣ್ಣು ಮುಚ್ಚಿ ನಂಬಬಾರದು, ಕಣ್ಣು ಮುಚ್ಚಿ ಎಸೆಯಲೂ ಬಾರದು. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಟಿಪ್ಪುವಿನ ಪತ್ರಗಳನ್ನು ಇಂಗ್ಲಿಷಿಗೆ ತಂದ. ಎಲ್ಲವನ್ನೂ ಅಲ್ಲ, ಆಯ್ದ ಪತ್ರಗಳನ್ನು. ಟಿಪ್ಪು ಎಷ್ಟು ಕ್ರೂರಿ ಎಂದು ತೋರಿಸುವ ಉದ್ದೇಶ ಅವನಿಗಿತ್ತು. ಆದರೆ ಆ ಪತ್ರಗಳನ್ನು ಬರೆಸಿದ್ದು ಟಿಪ್ಪುವೇ. ಆಯ್ಕೆಯಲ್ಲಿ ಪಕ್ಷಪಾತ ಇದೆ ಎಂದು ಗಮನದಲ್ಲಿಟ್ಟು, ಒಳಗಿನ ಮಾತನ್ನು ಓದಬೇಕು. ಮಾರ್ಕ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸವೂ ಹೀಗೇ. ಇನ್ನೊಂದು ಕಡೆ ಟಿಪ್ಪುವಿನ ಆಸ್ಥಾನದವರು ಬರೆದ ಪರ್ಷಿಯನ್ ಬರಹಗಳಿವೆ, ಅವು ಹೊಗಳಿಕೆಯ ಕಡೆಗೆ ವಾಲುತ್ತವೆ.

ಶತ್ರು ಹೊಗಳಿದ್ದು, ಸ್ವಂತದವನು ಒಪ್ಪಿಕೊಂಡದ್ದು, ಇವೆರಡಕ್ಕೆ ಜಾಸ್ತಿ ಬೆಲೆ ಕೊಡಿ. ಟಿಪ್ಪುವಿನ ರಾಜ್ಯದಲ್ಲಿ ಸಾಗುವಳಿ ಚೆನ್ನಾಗಿತ್ತು ಎಂದು ಇಂಗ್ಲಿಷ್ ಅಧಿಕಾರಿಗಳೇ ಬರೆದಾಗ ನಾನು ನಂಬುತ್ತೇನೆ. ಕೊಡಗಿನವರನ್ನು ಸೆರೆ ಹಿಡಿದು ಮತಾಂತರ ಮಾಡಿದೆ ಎಂದು ಟಿಪ್ಪುವೇ ಹೆಮ್ಮೆಯಿಂದ ಬರೆಸಿದಾಗ, ಅದನ್ನೂ ನಂಬುತ್ತೇನೆ.

ಶೃಂಗೇರಿಗೆ ಟಿಪ್ಪು ಕೊಟ್ಟದ್ದು ನಿಜಾನಾ, ಇಲ್ಲ ನಾಟಕಾನಾ?

ಕೊಟ್ಟದ್ದು ನಿಜ. 1791ರಲ್ಲಿ ಮೂರನೇ ಮೈಸೂರು ಯುದ್ಧದ ಸಮಯದಲ್ಲಿ ಪರಶುರಾಮ ಭಾವೂವಿನ ಮರಾಠಾ ಪಡೆಯ ಜೊತೆಗಿದ್ದ ಪಿಂಡಾರಿಗಳು (ಲೂಟಿಯ ಮೇಲೆ ಬದುಕುತ್ತಿದ್ದ ಕುದುರೆ ಸವಾರರು) ಶೃಂಗೇರಿ ಮಠವನ್ನು ಲೂಟಿ ಮಾಡಿದರು, ಶಾರದೆಯ ಮೂರ್ತಿಯನ್ನೂ ಬಿಡಲಿಲ್ಲ. ಸ್ವಾಮಿಗಳು ಟಿಪ್ಪುವಿಗೆ ಬರೆದರು. ಟಿಪ್ಪು ನೊಂದುಕೊಂಡು ಉತ್ತರ ಬರೆಸಿದ, ಮತ್ತೆ ಪ್ರತಿಷ್ಠೆ ಮಾಡಲು 200 ರಹತಿ (ಆಗಿನ ನಾಣ್ಯ) ನಗದು ಕೊಡುವಂತೆ ನಗರ (ಬಿದನೂರು) ಸೀಮೆಯ ಅಧಿಕಾರಿಗೆ ಆಜ್ಞೆ ಮಾಡಿದ.

ಆಗ ಅವನು ಸೋಲುವ ಸ್ಥಿತಿಯಲ್ಲಿದ್ದ, ಹಿಂದೂ ಪ್ರಜೆಗಳ ಬೆಂಬಲ ಬೇಕಿತ್ತು, ಅದಕ್ಕೇ ಮಾಡಿದ ಎಂದು ಕೆಲವರು ಹೇಳುತ್ತಾರೆ. ಇರಬಹುದು. ಯಾವ ರಾಜ ತಾನೇ ಲೆಕ್ಕ ಹಾಕದೆ ದಾನ ಮಾಡಿದ್ದಾನೆ? ಆದರೆ ಉದ್ದೇಶದ ಬಗ್ಗೆ ಅನುಮಾನ ಇದೆ ಎಂದು ಘಟನೆಯನ್ನೇ ಪುಸ್ತಕದಿಂದ ಕಿತ್ತುಹಾಕುವುದು ಸರಿಯಲ್ಲ. ಹಾಗೆಯೇ ಮಠ ಲೂಟಿಯಾದ ಈ ಒಂದು ಘಟನೆಯನ್ನು ಹಿಡಿದು ಮರಾಠರೆಲ್ಲ ದೇವಸ್ಥಾನ ದ್ರೋಹಿಗಳು ಎಂದು ಹಂಚುವ ಫಾರ್ವರ್ಡ್ ಕೂಡ ಅದೇ ಜಾತಿಯದು.

ಕೊಡಗು, ಮಂಗಳೂರಿನಲ್ಲಿ ನಡೆದದ್ದು ಬ್ರಿಟಿಷರ ಕಟ್ಟುಕಥೆ ಅಂತ ಓದಿದೆ.

ಹಾಗೆ ಬರೆದವರು ತಪ್ಪು ಬರೆದಿದ್ದಾರೆ. ಈ ವಿಷಯದಲ್ಲಿ ನನಗೆ ಮೆತ್ತಗೆ ಮಾತಾಡಲು ಮನಸ್ಸಿಲ್ಲ.

1784ರ ಫೆಬ್ರವರಿಯಲ್ಲಿ, ಎರಡನೇ ಯುದ್ಧದಲ್ಲಿ ಇಂಗ್ಲಿಷರಿಗೆ ಸಹಾಯ ಮಾಡಿದರು ಎಂಬ ಅನುಮಾನದ ಮೇಲೆ ಕೆನರಾದ ಕ್ರೈಸ್ತರನ್ನು ಸಾಮೂಹಿಕವಾಗಿ ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಚರ್ಚುಗಳನ್ನು ಕೆಡವಿದರು. ಮುದುಕರು, ಮಕ್ಕಳು, ಬಾಣಂತಿಯರು ಆ ದಾರಿಯಲ್ಲಿ ಸತ್ತರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಬದುಕಿದ್ದವರು ಊರಿಗೆ ಮರಳಿದರು. ಕೊಡಗಿನಲ್ಲೂ 1780ರ ದಶಕದಲ್ಲಿ ಸಾವಿರಾರು ಕೊಡವರನ್ನು ಸೆರೆ ಹಿಡಿದು ಸಾಗಿಸಿದರು, ಮತಾಂತರ ಮಾಡಿದರು. ಪಿರಿಯಾಪಟ್ಟಣದ ಕೋಟೆಯಲ್ಲಿ ಸೆರೆಯಲ್ಲಿದ್ದ ದೊಡ್ಡವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಬಂದು ಮತ್ತೆ ರಾಜ್ಯ ಕಟ್ಟಿದ.

ಸಂಖ್ಯೆಯ ಬಗ್ಗೆ ಜಗಳ ಇದೆ, ಅದು ಇರಬೇಕಾದದ್ದೇ. ಕೆನರಾ ಕ್ರೈಸ್ತರ ವಿಷಯದಲ್ಲಿ ಆ ಕಾಲದವರೇ 30,000ದಿಂದ 70,000ದವರೆಗೆ ಬೇರೆ ಬೇರೆ ಲೆಕ್ಕ ಕೊಡುತ್ತಾರೆ. ಕೊಡಗಿನ ವಿಷಯದಲ್ಲಿ ಗೆದ್ದವರು ಬಡಾಯಿಗೆ ಉಬ್ಬಿಸಿದ ಸಂಖ್ಯೆಗಳು ಆಗಿನ ಕೊಡಗಿನ ಜನಸಂಖ್ಯೆಗೆ ಹೊಂದುವುದು ಕಷ್ಟ. ಆದರೆ ಸಂಖ್ಯೆ ಉಬ್ಬಿದೆ ಎಂದು ತೋರಿಸಿ, ಆದ್ದರಿಂದ ಏನೂ ನಡೆದಿಲ್ಲ ಎಂದು ಮುಗಿಸುವುದಿದೆಯಲ್ಲ, ಅದು ಆ ಮನೆತನಗಳಿಗೆ ಮಾಡುವ ಅವಮಾನ. ಮಡಿಕೇರಿಯಲ್ಲಿ ಟಿಪ್ಪು ಜಯಂತಿಗೆ ಯಾಕೆ ಅಷ್ಟು ವಿರೋಧ ಬಂತು ಎಂದು ಬೆಂಗಳೂರಿನಲ್ಲಿ ಕೂತು ಆಶ್ಚರ್ಯಪಡುವವರು ಮೊದಲು ಇದನ್ನು ಓದಬೇಕು. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡಿದಾಗ ಅಲ್ಲಿ ಜೀವಗಳೇ ಹೋದವು. 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿತು. ಎರಡು ನಿರ್ಧಾರಗಳ ನಡುವೆ ಕೊಡಗಿನ ಜನರ ಹತ್ತಿರ ಕೂತು ಮಾತಾಡಿದವರು ಎಷ್ಟು ಮಂದಿ?

ಮೇಲುಕೋಟೆ ಅಯ್ಯಂಗಾರರ ದೀಪಾವಳಿ ಕಥೆ?

ಮಂಡಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿಯನ್ನು ಆಚರಿಸುವುದಿಲ್ಲ, ಆ ದಿನ ತಮ್ಮ ಹಿರಿಯರನ್ನು ಟಿಪ್ಪು ಕೊಲ್ಲಿಸಿದ ಎಂಬ ನೆನಪು ಅವರಲ್ಲಿದೆ. ತಿರುಮಲರಾಯರ ಒಪ್ಪಂದಕ್ಕೂ ಇದಕ್ಕೂ ಸಂಬಂಧ ಕಲ್ಪಿಸುತ್ತಾರೆ. ತಲೆಮಾರುಗಳಿಂದ ಮನೆಯೊಳಗೆ ನಡೆದು ಬಂದ ಆಚರಣೆ ಸುಮ್ನೆ ಹುಟ್ಟುವುದಿಲ್ಲ, ಹಾಗಾಗಿ ನಾನು ಇದನ್ನು ಕಟ್ಟುಕಥೆ ಅನ್ನುವುದಿಲ್ಲ. ಆದರೆ ಯಾವ ವರ್ಷ, ಎಷ್ಟು ಜನ, ಎಲ್ಲಿ ಎಂಬುದಕ್ಕೆ ಆ ಕಾಲದ ಗಟ್ಟಿ ದಾಖಲೆ ಕೈಗೆ ಬಂದಿಲ್ಲ. ಒಂದು ಸಂಖ್ಯೆಯನ್ನು ಹಿಡಿದು ಪ್ರತಿ ದೀಪಾವಳಿಗೂ ಹಂಚುವವರು ಆ ನೆನಪಿಗೆ ಸಹಾಯ ಮಾಡುತ್ತಿಲ್ಲ. ಮನೆತನಗಳ ಹಿರಿಯರ ಮಾತನ್ನು ಸರಿಯಾಗಿ ಧ್ವನಿಮುದ್ರಣ ಮಾಡಿಡುವುದು ಸಹಾಯ.

ಟಿಪ್ಪು ಸ್ವಾತಂತ್ರ್ಯ ಹೋರಾಟಗಾರನಾ?

ಬ್ರಿಟಿಷರ ವಿರುದ್ಧ ಕೊನೆಯವರೆಗೂ ಹೋರಾಡಿ ಸತ್ತ ರಾಜ. ಅದು ಸಣ್ಣ ಮಾತಲ್ಲ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಟ್ಟ ಮೇಲೂ ತಲೆ ಬಾಗಿಸಲಿಲ್ಲ. ನಮ್ಮ ಸಂವಿಧಾನದ ಮೂಲ ಪ್ರತಿಯಲ್ಲಿ ಲಕ್ಷ್ಮೀಬಾಯಿಯ ಜೊತೆ ಅವನ ಚಿತ್ರವೂ ಇದೆ. ಆದರೆ 18ನೇ ಶತಮಾನದಲ್ಲಿ ಭಾರತ ಎಂಬ ದೇಶಕ್ಕಾಗಿ ಯಾರೂ ಹೋರಾಡುತ್ತಿರಲಿಲ್ಲ. ಟಿಪ್ಪು ಮರಾಠರ ಜೊತೆ, ನಿಜಾಮನ ಜೊತೆ, ತಿರುವಾಂಕೂರಿನ ಜೊತೆಯೂ ಯುದ್ಧ ಮಾಡಿದ. ಸಹಾಯಕ್ಕೆ ಫ್ರೆಂಚರನ್ನು ಕರೆದ, ಅಫ್ಘಾನಿಸ್ತಾನದ ಜಮಾನ್ ಷಾನಿಗೂ ಬರೆದ. ತನ್ನ ರಾಜ್ಯಕ್ಕಾಗಿ ಹೋರಾಡಿದ. ಹಾಗೆ ಹೇಳಿದರೆ ಅವನು ಸಣ್ಣವನಾಗುವುದಿಲ್ಲ.

ರಾಕೆಟ್ ವಿಷಯವೂ ಇದೇ ಥರ. ಪ್ರಪಂಚದಲ್ಲಿ ಮೊದಲು ರಾಕೆಟ್ ಮಾಡಿದವನು ಟಿಪ್ಪು ಎಂದು ಬರೆಯುತ್ತಾರೆ. ಚೀನಾದಲ್ಲಿ ಶತಮಾನಗಳ ಹಿಂದೆಯೇ ಇತ್ತು. ಮೈಸೂರಿನ ಹೆಚ್ಚುಗಾರಿಕೆ ಮದ್ದು ತುಂಬುವ ಕಬ್ಬಿಣದ ಕೊಳವೆ. ಅದರಿಂದ ರಾಕೆಟ್ ದೂರ ಹೋಗುತ್ತಿತ್ತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಪಾಳು ಬಾವಿಯಿಂದ 1,000ಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ನಿಜವೇ ಇಷ್ಟು ಚೆನ್ನಾಗಿರುವಾಗ ಸುಳ್ಳು ಯಾಕೆ ಬೇಕು?

ಕನ್ನಂಬಾಡಿ ಕಟ್ಟೆಗೆ ಅಡಿಗಲ್ಲು ಹಾಕಿದ್ದು ಟಿಪ್ಪುವಾ?

2025ರಲ್ಲಿ ಸಚಿವ ಎಚ್.ಸಿ. ಮಹದೇವಪ್ಪ ಹೀಗೆ ಹೇಳಿದಾಗ ದೊಡ್ಡ ಗದ್ದಲ ಆಯಿತು. ಒಂದು ಕಡೆಯವರು ಶುದ್ಧ ಸುಳ್ಳು ಎಂದರು, ಇನ್ನೊಂದು ಕಡೆಯವರು ಶಾಸನ ನೋಡಿ ಎಂದರು.

ಶಾಸನ ಇದೆ. ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಲು ಟಿಪ್ಪು ಶುರು ಮಾಡಿದ್ದನ್ನು, ಆ ನೀರಿನಲ್ಲಿ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ರಿಯಾಯಿತಿ ಕೊಡುವುದನ್ನು ಹೇಳುವ ಪರ್ಷಿಯನ್ ಶಾಸನ ಅದು. ಒಡೆಯರ ಆಡಳಿತ ಅದನ್ನು ಬಚ್ಚಿಡಲಿಲ್ಲ, ಕಟ್ಟೆಯ ಹತ್ತಿರವೇ ನಿಲ್ಲಿಸಿತು. ಇದು ಅವರ ದೊಡ್ಡತನ. ಆದರೆ ಟಿಪ್ಪುವಿನ ಆ ಕೆಲಸ ಮುಂದುವರಿಯಲಿಲ್ಲ. ಇವತ್ತು ನಾವು ನೋಡುವ ಕನ್ನಂಬಾಡಿ ಕಟ್ಟೆ, ಅಂದರೆ ಕೃಷ್ಣರಾಜಸಾಗರ (ಕೆಆರ್‌ಎಸ್), 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾಗಿ, 1930ರ ದಶಕದ ಆರಂಭದಲ್ಲಿ ಮುಗಿದದ್ದು. ವಿಶ್ವೇಶ್ವರಯ್ಯ ಮತ್ತು ಆಮೇಲೆ ಬಂದ ಎಂಜಿನಿಯರುಗಳು, ಸುಣ್ಣ ಸುರ್ಕಿ ಹೊತ್ತ ಸಾವಿರಾರು ಕೂಲಿಯವರು, ಹಣ ಒದಗಿಸಿದ ಸಂಸ್ಥಾನ, ಊರು ಮುಳುಗಿ ಎದ್ದು ಹೋದ ರೈತರು, ಇವರೆಲ್ಲರದ್ದು ಆ ಕಟ್ಟೆ.

ಹಾಗಾಗಿ 'ಟಿಪ್ಪುವಿಗೂ ಇಲ್ಲೊಂದು ಕಟ್ಟೆಯ ಯೋಚನೆ ಇತ್ತು' ಎಂದರೆ ಸರಿ. 'ಕೆಆರ್‌ಎಸ್‌ಗೆ ಅಡಿಗಲ್ಲು ಹಾಕಿದ್ದು ಟಿಪ್ಪು' ಎಂದರೆ ಸರಿಯಲ್ಲ. ಉರಿಗೌಡರ ಕಥೆಯನ್ನು ಖಂಡಿಸಿದವರಲ್ಲಿ ಕೆಲವರು ಈ ಹೇಳಿಕೆ ಬಂದಾಗ ಸುಮ್ಮನಿದ್ದರು. ಅಂಥವರ ಖಂಡನೆಗೆ ಇನ್ನು ಮುಂದೆ ಯಾರು ಕಿವಿ ಕೊಡುತ್ತಾರೆ?

ಟಿವಿ ಚರ್ಚೆಗಳಲ್ಲಿ ಇದೆಲ್ಲ ಯಾಕೆ ಬರೋದಿಲ್ಲ?

ಒಂದು ಗಂಟೆಯ ಕಾರ್ಯಕ್ರಮದಲ್ಲಿ ಆರು ಜನ, ಪ್ರತಿಯೊಬ್ಬರೂ ಒಂದೊಂದು ಪಕ್ಷದವರು. ಇತಿಹಾಸ ಓದಿದವರನ್ನು ಕರೆದರೂ 'ಹೌದಾ, ಇಲ್ವಾ, ಒಂದೇ ಮಾತಲ್ಲಿ ಹೇಳಿ' ಎಂದು ಕೇಳುತ್ತಾರೆ. 1791ರ ಶೃಂಗೇರಿಗೆ ಒಂದು ಉತ್ತರ, 1784ರ ಕೆನರಾಕ್ಕೆ ಇನ್ನೊಂದು ಉತ್ತರ ಎಂದರೆ ನಿರೂಪಕರಿಗೆ ಕೆಲಸಕ್ಕೆ ಬರುವುದಿಲ್ಲ.

ಪತ್ರಿಕೆಗಳಲ್ಲಿ ಜಾಗ ಇತ್ತು. 2006ರಲ್ಲಿ ಟಿಪ್ಪು ಕನ್ನಡ ವಿರೋಧಿ ಎಂದು ಆಗಿನ ಉನ್ನತ ಶಿಕ್ಷಣ ಸಚಿವ ಡಿ.ಎಚ್. ಶಂಕರಮೂರ್ತಿ ಹೇಳಿದಾಗ ಗಿರೀಶ ಕಾರ್ನಾಡರು ವಿರೋಧಿಸಿದರು, ಎಸ್.ಎಲ್. ಭೈರಪ್ಪನವರು ವಿಜಯ ಕರ್ನಾಟಕದಲ್ಲಿ ಉದ್ದಕ್ಕೆ ಬರೆದರು, ಅದಕ್ಕೆ ಉತ್ತರ, ಮರು ಉತ್ತರ ಬಂದವು. ಕಹಿಯೂ ಇತ್ತು, ಆದರೆ ಓದುಗರಿಗೆ ಪುಸ್ತಕದ ಹೆಸರು, ಪತ್ರದ ತಾರೀಖು ಸಿಗುತ್ತಿತ್ತು. ಬೇಕಾದವರು ಹೋಗಿ ನೋಡಬಹುದಿತ್ತು. (ಅಂದಹಾಗೆ, ಟಿಪ್ಪು ಆಡಳಿತದ ಲೆಕ್ಕಪತ್ರದಲ್ಲಿ ಪರ್ಷಿಯನ್ ಮೇಲೆ ತಂದದ್ದು ನಿಜ. ಶೃಂಗೇರಿಗೆ ಕನ್ನಡದಲ್ಲಿ ಬರೆಸಿದ್ದೂ ನಿಜ.)

ಸಿನಿಮಾ, ನಾಟಕದವರಿಗೆ ಕಲ್ಪನೆಯ ಸ್ವಾತಂತ್ರ್ಯ ಇಲ್ವಾ?

ಇದೆ, ಇರಲೇಬೇಕು. 1990ರಲ್ಲಿ ದೂರದರ್ಶನದಲ್ಲಿ ಟಿಪ್ಪು ಧಾರಾವಾಹಿ ಬಂದಾಗ ಅದು ಕಾದಂಬರಿ ಆಧಾರಿತ ಎಂದು ಪರದೆಯ ಮೇಲೆ ಸೂಚನೆ ಹಾಕಬೇಕಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅದು ನ್ಯಾಯವಾದ ದಾರಿ. ಉರಿಗೌಡ, ನಂಜೇಗೌಡರನ್ನೂ ಕಲ್ಪನೆ ಎಂದು ಹೇಳಿ ಮಾಡಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ರಂಗದ ಮೇಲೆ ಹುಟ್ಟಿದ ಪಾತ್ರವನ್ನು ಹೆದ್ದಾರಿಯ ಕಮಾನಿನ ಮೇಲೆ ಬರೆದದ್ದು ತಪ್ಪು.

ಪಠ್ಯಪುಸ್ತಕದಲ್ಲಿ ಏನಿರಬೇಕು?

2022ರಲ್ಲಿ ಒಂದು ಸರ್ಕಾರ ಪಠ್ಯ ಬದಲಾಯಿಸಿತು. 2023ರಲ್ಲಿ ಇನ್ನೊಂದು ಸರ್ಕಾರ ಆ ಬದಲಾವಣೆಗಳನ್ನು ತೆಗೆಯಿತು. ನಡುವೆ 8ನೇ ತರಗತಿಯ ಕನ್ನಡ ಪಾಠವೊಂದರಲ್ಲಿ, ಜೈಲಿನಲ್ಲಿದ್ದ ಸಾವರ್ಕರ್ ಬುಲ್‌ಬುಲ್ ಹಕ್ಕಿಯ ರೆಕ್ಕೆಯ ಮೇಲೆ ಕೂತು ತಾಯ್ನಾಡಿಗೆ ಬಂದು ಹೋಗುತ್ತಿದ್ದರು ಎಂಬ ಸಾಲು ದೊಡ್ಡ ಸುದ್ದಿಯಾಯಿತು. ಅದು ಅಲಂಕಾರದ ಮಾತು ಎಂದು ಸಮರ್ಥಿಸಿಕೊಂಡರು. ಇರಬಹುದು, ಆದರೆ 13 ವರ್ಷದ ಮಗುವಿಗೆ ಯಾವುದು ಅಲಂಕಾರ, ಯಾವುದು ಘಟನೆ ಎಂದು ಪುಸ್ತಕವೇ ತೋರಿಸಿಕೊಡಬೇಕು, ಅಲ್ವಾ?

ಶೃಂಗೇರಿ ಪತ್ರವನ್ನೂ, ಕೆನರಾ ಕ್ರೈಸ್ತರ ಸೆರೆಯನ್ನೂ ಒಂದೇ ಪುಟದಲ್ಲಿ ಕೊಡಿ, ಇವೆರಡೂ ಒಬ್ಬನೇ ಮಾಡಿದ್ದು ಹೇಗೆ ಎಂದು ಮಕ್ಕಳನ್ನೇ ಕೇಳಿ. ಅವರು ನಮಗಿಂತ ಚೆನ್ನಾಗಿ ಯೋಚಿಸುತ್ತಾರೆ.

ರೈಲಿನ ಹೆಸರು ಬದಲಾಯಿಸಿದ್ದು ಸರಿನಾ?

2022ರಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಒಡೆಯರ ಹೆಸರು ರೈಲಿಗೆ ಇರಬೇಕಾದದ್ದೇ. ಅದಕ್ಕೆ ಹೊಸ ರೈಲು ಬಿಡಬಹುದಿತ್ತು. ಇದಕ್ಕಿಂತ ಜಾಸ್ತಿ ಇದರಲ್ಲಿ ಹೇಳುವಂಥದ್ದಿಲ್ಲ.

ವಾಟ್ಸಾಪ್‌ನಲ್ಲಿ ಬಂದದ್ದು ನಿಜವೋ ಸುಳ್ಳೋ ನೋಡೋದು ಹೇಗೆ?

ಮೂಲದವರೆಗೆ ಹೋಗಿ. ಇತಿಹಾಸಕಾರ ಬಿ.ಎನ್. ಪಾಂಡೆ ಹೇಳುತ್ತಿದ್ದ ಒಂದು ಪ್ರಸಂಗ ಇದೆ. ಟಿಪ್ಪು ಬಲವಂತವಾಗಿ ಮತಾಂತರ ಮಾಡಲು ಹೋದಾಗ 3,000 ಬ್ರಾಹ್ಮಣರು ಆತ್ಮಹತ್ಯೆ ಮಾಡಿಕೊಂಡರು ಎಂದು ಕಲ್ಕತ್ತೆಯ ವಿದ್ವಾಂಸರೊಬ್ಬರ ಶಾಲಾ ಪುಸ್ತಕದಲ್ಲಿತ್ತು. ಪಾಂಡೆ ಲೇಖಕರಿಗೆ ಕಾಗದ ಬರೆದು ಆಧಾರ ಕೇಳಿದರು. ಮೈಸೂರು ಗೆಜೆಟಿಯರ್ ಎಂದು ಉತ್ತರ ಬಂತು. ಅವರು ಅಲ್ಲಿಗೇ ಬಿಡಲಿಲ್ಲ, ಮೈಸೂರಿಗೂ ಬರೆದರು. ಗೆಜೆಟಿಯರ್ ಕೆಲಸದಲ್ಲಿದ್ದ ಪ್ರೊಫೆಸರ್ ಶ್ರೀಕಂಠಯ್ಯ ಅಂಥ ಘಟನೆ ಅದರಲ್ಲಿ ಎಲ್ಲೂ ಇಲ್ಲ ಎಂದು ತಿಳಿಸಿದರು. ಈ ಪ್ರಸಂಗಕ್ಕೂ ಪಾಂಡೆಯವರ ಮಾತೇ ಮುಖ್ಯ ಆಧಾರ, ಅದನ್ನೂ ಗಮನದಲ್ಲಿಡಿ. ಆದರೆ ಅವರು ತೋರಿಸಿದ ದಾರಿ ಸರಿಯಾದದ್ದು. 'ಗೆಜೆಟಿಯರ್‌ನಲ್ಲಿದೆ' ಎಂದರೆ ಯಾವ ಸಂಪುಟ, ಯಾವ ಪುಟ ಎಂದು ಕೇಳಿ. 'ಶಾಸನ ಇದೆ' ಎಂದರೆ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ (ನಮ್ಮ ನಾಡಿನ ಶಾಸನಗಳನ್ನು ಒಟ್ಟುಮಾಡಿದ ಸಂಪುಟಗಳಲ್ಲಿ) ಅದರ ಸಂಖ್ಯೆ ಕೇಳಿ. ಅರ್ಧಕ್ಕರ್ಧ ಫಾರ್ವರ್ಡ್‌ಗಳು ಈ ಪ್ರಶ್ನೆಗೇ ನಿಂತುಹೋಗುತ್ತವೆ.

ಮನೆಯ ಗುಂಪಿನಲ್ಲಿ ದೊಡ್ಡಪ್ಪ ಇಂಥದ್ದು ಹಾಕಿದರೆ ಏನು ಮಾಡೋದು?

ಗುಂಪಿನಲ್ಲಿ ಎಲ್ಲರೆದುರು ತಿದ್ದಬೇಡಿ. ಫೋನ್ ಮಾಡಿ, 'ದೊಡ್ಡಪ್ಪ, ಇದು ಎಲ್ಲಿಂದ ಬಂತು, ನಂಗೂ ಓದಬೇಕಿತ್ತು' ಎಂದು ಕೇಳಿ. ಹಿರಿಯರಿಗೆ ಹೇಳಲು ಬೇರೆ ಕಥೆ ಇರುತ್ತದೆ, ಅವರ ಅಜ್ಜಿ ಹೇಳಿದ್ದು, ಊರಲ್ಲಿ ಕೇಳಿದ್ದು. ಅದು ಫಾರ್ವರ್ಡ್‌ಗಿಂತ ಎಷ್ಟೋ ಬೆಲೆಬಾಳುತ್ತದೆ. ಬರೆದುಕೊಳ್ಳಿ.

ನಮ್ಮ ಊರಿನ ತೋಟದಲ್ಲಿ ಅಕ್ಷರ ಇರುವ ಕಲ್ಲು ಇದೆ. ಏನು ಮಾಡಲಿ?

ಮೊದಲಿಗೆ, ಬಣ್ಣ ಹೊಡೆಯಬೇಡಿ, ಸಿಮೆಂಟ್ ಹಾಕಿ ನಿಲ್ಲಿಸಬೇಡಿ, ಆ್ಯಸಿಡ್ ಹಾಕಿ ತೊಳೆಯಲೇಬೇಡಿ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ, ಅಕ್ಷರ ಚೆನ್ನಾಗಿ ಕಾಣುತ್ತದೆ. ಹಿಂಭಾಗ, ಪಕ್ಕದ ಭಾಗಗಳದ್ದೂ ತೆಗೆಯಿರಿ. ಊರು, ಹೋಬಳಿ, ತಾಲ್ಲೂಕು ಬರೆದಿಟ್ಟುಕೊಳ್ಳಿ. ಆಮೇಲೆ ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ. ಬೆಂಗಳೂರಿನ ಸುತ್ತಮುತ್ತ ಆದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದ್ದಾರೆ, ಅವರಿಗೂ ಹೇಳಬಹುದು. ಹತ್ತಿರದ ಕಾಲೇಜಿನಲ್ಲಿ ಹಳಗನ್ನಡ ಓದಬಲ್ಲ ಮೇಷ್ಟ್ರು ಇದ್ದರೆ ಕರೆದುಕೊಂಡು ಹೋಗಿ ತೋರಿಸಿ. ಕಲ್ಲಿನಲ್ಲಿ ಏನು ಬರೆದಿದೆ ಎಂದು ಗೊತ್ತಾಗುವ ಮೊದಲೇ ಇದು ಇಂಥ ರಾಜನದು, ಇಂಥ ಜಾತಿಯ ವೀರನದು ಎಂದು ಬೋರ್ಡ್ ಹಾಕಲು ಯಾರಾದರೂ ಬಂದರೆ, ಓದಿಸಿದ ಮೇಲೆ ಹಾಕೋಣ ಎಂದು ಹೇಳಿ ಕಳಿಸಿ.